ತಾಯಿಮರದ ಬುಡದ ಮಣ್ಣು

ವರುಷವೂ ಜುಲೈ ತಿಂಗಳಿನಲ್ಲಿ ನಮ್ಮ ಕಾಲೇಜಿನಲ್ಲಿ ವನಮಹೋತ್ಸವ ನಡೆಯುವುದು ಎಲ್ಲರೂ ಬಲ್ಲ ಸಂಗತಿ. 1950ರಲ್ಲಿ ಕೆ. ಎಂ. ಮುನ್ಷಿಯವರು ಆರಂಭಿಸಿದ ಈ ಹಬ್ಬ ಒಳ್ಳೆಯದೆ. ಭಾಷಣವಾಗುತ್ತದೆ, ಗುಂಡಿ ತೋಡುತ್ತೇವೆ, ಎಷ್ಟು ಸಸಿ ನೆಟ್ಟೆವೆಂದು ವರದಿಯಲ್ಲಿ ಬರೆಯುತ್ತೇವೆ. ಎಷ್ಟು ಬದುಕಿದುವೆಂದು ಬರೆಯುವ ವಾಡಿಕೆ ಮಾತ್ರ ಇಲ್ಲ. ಕಳೆದ ಸಲ ನಾನು ನೆಟ್ಟ ಕಿರಾಲುಭೋಗಿಯ ಸಸಿ ಬೇಸಗೆಯಲ್ಲಿ ಒಣಗಿತು. ನೀರು ಹಾಕಲು ಮರೆತುದೂ ಒಂದು ಕಾರಣವೆಂದು ಒಪ್ಪುತ್ತೇನೆ.

ಮನೆಯಲ್ಲಿ ಹೇಳಿದಾಗ ತಂದೆಯವರು ಕೇಳಿದುದು ಒಂದೇ ಮಾತು: “ತಾಯಿಮರದ ಬುಡದ ಮಣ್ಣು ಹಾಕಿದ್ದೆಯಾ?” ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಮೊದಲ ಮಳೆ ಬಿದ್ದೊಡನೆ ಕಿರಾಲುಭೋಗಿಯ ಬುಡದಲ್ಲಿ ಎಲ್ಲಿ ಕೆದಕಿದರೆ ಕಲ್ಲಣಬೆ ಸಿಗುವುದೆಂದು ಬಲ್ಲರು. ನಾನು ನಕ್ಕೆ. ಬಿ.ಎ. ಓದುವವನ ನಗೆ ಅದು! ಆಮೇಲೆ ಗ್ರಂಥಾಲಯದಲ್ಲಿ ಓದಿ ನಾಚಿದೆ.

ಮರದ ಬೇರಿಗೂ ಶಿಲೀಂಧ್ರಕ್ಕೂ ಇರುವ ನಂಟಿಗೆ 1885ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಎ. ಬಿ. ಫ್ರಾಂಕ್ ‘ಮೈಕೊರೈಜಾ’ ಎಂದು ಹೆಸರಿಟ್ಟನು. ನಾವು ತಿನ್ನುವ ಕಲ್ಲಣಬೆ ಅಂಥ ಶಿಲೀಂಧ್ರವೊಂದರ ಫಲ ಮಾತ್ರ. ಅದರ ಒಡಲು ನೂಲಿಗಿಂತಲೂ ಸಣ್ಣ ಎಳೆಗಳಾಗಿ ಬೇರನ್ನು ಸುತ್ತಿ, ಬೇರು ಮುಟ್ಟಲಾರದೆಡೆಗೂ ಹೋಗಿ ನೀರನ್ನೂ ರಂಜಕವನ್ನೂ ತರುತ್ತದೆ. ಪ್ರತಿಯಾಗಿ ಮರ ಸಕ್ಕರೆ ಕೊಡುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಬಿಗಿಹಿಡಿದಿರುವುದರಿಂದ ಈ ನಂಟಿಲ್ಲದ ಸಸಿಗೆ ಬದುಕು ಕಷ್ಟ.

ತರಗೆಲೆಯಲ್ಲಿಯೂ ರಂಜಕವುಂಟು. ಅದನ್ನು ಬಿಡಿಸುವುದು ಫಾಸ್ಫಟೇಸ್ ಎಂಬ ಕಿಣ್ವ. ಬೇರು, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಅದನ್ನು ಮಣ್ಣಿಗೆ ಒಸರಿಸುತ್ತವೆ. ಬೇಸಗೆಯಲ್ಲಿ ಮಣ್ಣು ಒಣಗಿದಾಗ ಆ ಕೆಲಸ ಕುಗ್ಗುತ್ತದೆ. ಮಳೆಗೆ ನೆನೆದಾಗ ಚುರುಕಾಗುತ್ತದೆ. ನಾವೋ, ಮಾರ್ಚಿಯಲ್ಲಿ ಆವರಣದ ತರಗೆಲೆಯನ್ನೆಲ್ಲ ಗುಡಿಸಿ ಬೆಂಕಿಯಿಡುತ್ತೇವೆ. ಜುಲೈಯಲ್ಲಿ ಬರಿಯ ಕೆಂಪು ಮಣ್ಣಿನಲ್ಲಿ ಸಸಿಯಿಟ್ಟು ಚಪ್ಪಾಳೆ ತಟ್ಟುತ್ತೇವೆ.

ನಾನೂ ನಿರ್ದೋಷಿಯಲ್ಲ. ನನ್ನ ತಾಯಿ ಹಟ್ಟಿಗೆ ಹಾಕಲು ಕಾಡಿನಿಂದ ಹೊರೆಗಟ್ಟಲೆ ತರಗೆಲೆ ತರುತ್ತಾಳೆ. ಆ ಗೊಬ್ಬರದಿಂದ ಬೆಳೆದ ಅಡಕೆಯೇ ನನ್ನ ಫೀಜು ಕಟ್ಟಿದುದು. ಹಳ್ಳಿಯವರು ತರಗೆಲೆ ಮುಟ್ಟಬಾರದೆಂದು ಯಾವ ಬಾಯಿಂದ ಹೇಳಲಿ? ಆದರೆ ಆ ಎಲೆ ತೋಟದ ಮಣ್ಣಿಗಾದರೂ ಸೇರುತ್ತದೆ. ನಮ್ಮದು ಹೊಗೆಯಾಗಿ ಹೋಗುತ್ತದೆ.

ಮಾರ್ಚಿಯ ಬೆಂಕಿಯನ್ನು ಅಧ್ಯಾಪಕರು ದಯವಿಟ್ಟು ನಿಲ್ಲಿಸಬೇಕು. ಸಸಿ ಅರ್ಧಕ್ಕಿಳಿದರೂ ಚಿಂತೆಯಿಲ್ಲ, ಪ್ರತಿ ಗುಂಡಿಗೂ ಅದೇ ಜಾತಿಯ ಹಳೆಯ ಮರದ ಬುಡದಿಂದ ಒಂದು ಬೊಗಸೆ ಮಣ್ಣು ಬೀಳಲಿ. ಬರುವ ಜುಲೈಗೆ ನಾನು ಇಲ್ಲಿಯ ವಿದ್ಯಾರ್ಥಿಯಾಗಿರುವುದಿಲ್ಲ. ಆದರೂ ಕರೆದರೆ ಬುಟ್ಟಿ ಹೊತ್ತು ಬರುತ್ತೇನೆ. ಯಾವ ಮರದ ಬುಡವೆಂದು ತಂದೆಯವರು ತೋರಿಸುವರು.