ಸಣ್ಣ ಊರು, ಹಿರಿಯ ವಿದ್ಯೆ

ನರವಿಜ್ಞಾನದ ಉನ್ನತ ವ್ಯಾಸಂಗವು ವೈದ್ಯರಿಗೆ ಮಾತ್ರ ಮೀಸಲು, ಅದಕ್ಕೆ ಮಹಾನಗರವೇ ತಕ್ಕ ಸ್ಥಳ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇವೆರಡೂ ಸರಿಯಲ್ಲವೆಂಬುದಕ್ಕೆ ಜರ್ಮನಿಯ ಗಟಿಂಗೆನ್ ಸಾಕ್ಷಿ. ಸುಮಾರು 1,20,000 ಜನರಿರುವ ಆ ಊರಿನಲ್ಲಿ ಭೌತವಿಜ್ಞಾನ ಕಲಿತ ಎರ್ವಿನ್ ನೇಹರ್ ಹಾಗೂ ವೈದ್ಯಶಾಸ್ತ್ರ ಕಲಿತ ಬರ್ಟ್ ಸಾಕ್ಮನ್ ಜೊತೆಗೂಡಿದರು. ಕಪ್ಪೆಯ ಸ್ನಾಯುಕೋಶದ ಪೊರೆಗೆ ಸೂಕ್ಷ್ಮವಾದ ಗಾಜಿನ ನಳಿಕೆಯನ್ನು ಒತ್ತಿ, ಅಯಾನುಗಳು ಹಾಯುವ ಒಂದೊಂದೇ ರಂಧ್ರದ ವಿದ್ಯುತ್ಪ್ರವಾಹವನ್ನು ಅಳೆದು, 1976ರಲ್ಲಿ ಪ್ರಕಟಿಸಿದರು. ನರಗಳ ಸಂಕೇತಗಳಿಗೂ ಇಂತಹ ರಂಧ್ರಗಳೇ ಆಧಾರ. ಅವುಗಳ ಪ್ರವಾಹವಾದರೋ ಆಂಪಿಯರಿನ ಲಕ್ಷಕೋಟಿ ಪಾಲುಗಳಲ್ಲಿ ಕೆಲವೇ ಪಾಲು! 1991ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಸಂದಿತು. ಅಲ್ಲಿನ ವಿಶ್ವವಿದ್ಯಾನಿಲಯವು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳೊಡನೆ ನಡೆಸುವ ನರವಿಜ್ಞಾನದ ವ್ಯಾಸಂಗಕ್ಕೆ ಇಂದು ಭೌತವಿಜ್ಞಾನದ ಪದವೀಧರರೂ ಸೇರಬಹುದು. ಆದುದರಿಂದ ವಿದ್ಯಾರ್ಥಿಗಳು ಮೊದಲು ಗುರುಗಳನ್ನೂ ಪ್ರಯೋಗಾಲಯವನ್ನೂ ವಿಚಾರಿಸಲಿ; ಊರಿನ ಗಾತ್ರವನ್ನು ಆಮೇಲೆ ನೋಡಬಹುದೆಂದು ನಾವು ಹೇಳುತ್ತೇವೆ.