‘ಇವತ್ತು ಆಗಲ್ಲ ಸರ್’ ಅನ್ನಲು ಬಿಡಿ

2023ರ ಮಾರ್ಚ್ 6, ಕಲಬುರಗಿ ಜಿಲ್ಲೆಯ ಜೇವರ್ಗಿ. ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರಿದ್ದ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು, ರೆಕ್ಕೆಯ ಗಾಳಿಗೆ ಮೈದಾನದ ಕಸವೆಲ್ಲ ಮೇಲೆದ್ದಿತು. ಪ್ಲಾಸ್ಟಿಕ್ ಹಾಳೆ, ಚೀಲ, ದೂಳು. ಒಂದೇ ಒಂದು ಹಾಳೆ ರೆಕ್ಕೆಗೋ ಎಂಜಿನ್ನಿಗೋ ಸಿಕ್ಕಿದ್ದರೆ ಕತೆ ಬೇರೆಯಾಗುತ್ತಿತ್ತು. ಪೈಲಟ್ ಇಳಿಸಲಿಲ್ಲ. ಮತ್ತೆ ಮೇಲಕ್ಕೆ ಹೋಗಿ ಸುತ್ತು ಹಾಕಿದರು. ಕೆಳಗಿದ್ದವರು ಕಸ ತೆಗೆದ ಮೇಲೆ ಇಳಿಸಿದರು.

ಇಂಥದ್ದಕ್ಕೆ ನಾವು ‘ಕೂದಲೆಳೆಯಲ್ಲಿ ಪಾರು’ ಎಂದು ಶೀರ್ಷಿಕೆ ಕೊಟ್ಟು, ದೇವರಿಗೆ ಕೈಮುಗಿದು ಮುಂದೆ ಹೋಗುತ್ತೇವೆ. ಪೈಲಟ್‌ಗೆ ಕೈಮುಗಿದವರನ್ನು ನಾನು ಕಾಣೆ. ಅದೇ ವರ್ಷ ಮೇ 2ರಂದು ಕಾಂಗ್ರೆಸ್ ನಾಯಕ ಡಿ.ಕೆ. ಶಿವಕುಮಾರ್ ಬೆಂಗಳೂರಿನ ಜಕ್ಕೂರಿನಿಂದ ಹೆಲಿಕಾಪ್ಟರಿನಲ್ಲಿ ಮುಳಬಾಗಿಲಿಗೆ ಹೊರಟಿದ್ದರು. ಒಳಗೆ ಟಿವಿ ಸಂದರ್ಶನ ನಡೆದಿತ್ತು. ಹಕ್ಕಿಯೊಂದು ಬಡಿದು ಎದುರಿನ ಗಾಜು ಒಡೆಯಿತು. ಮುಳಬಾಗಿಲಿನಲ್ಲಿ ಜನ ಕಾಯುತ್ತಿದ್ದರೂ ಪೈಲಟ್ ಹೆಲಿಕಾಪ್ಟರನ್ನು ಎಚ್‌ಎಎಲ್‌ನಲ್ಲಿ ಇಳಿಸಿದರು.

ಎರಡೂ ಸಲ ಪೈಲಟ್ ‘ಬೇಡ’ ಎಂದದ್ದರಿಂದ ಎಲ್ಲರೂ ಮನೆಗೆ ಹೋದರು. ನಾಯಕರೇ, ಸಭೆಯ ಸಂಘಟಕರೇ, ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಮಾಲೀಕರೇ, ಆ ‘ಬೇಡ’ವನ್ನು ಉಳಿಸಿಕೊಡಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ನಲ್ಲಮಲದ ಕಾಡು ಯಾರಿಗೆ ಮರೆತಿದೆ? 2009ರ ಸೆಪ್ಟೆಂಬರ್ 2ರ ಬೆಳಿಗ್ಗೆ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಬೆಲ್ 430 ಹೆಲಿಕಾಪ್ಟರ್‌ನಲ್ಲಿ ಹೈದರಾಬಾದಿನಿಂದ ಚಿತ್ತೂರು ಜಿಲ್ಲೆಯ ಕಡೆಗೆ ಹೊರಟರು. ಮುಂದೆ ದಟ್ಟ ಮೋಡ, ಮಳೆ. ನಡುದಾರಿಯಲ್ಲಿ ಗೇರ್‌ಬಾಕ್ಸಿನ ಆಯಿಲ್ ಪ್ರೆಶರ್ ಕಡಿಮೆಯಾದ ಎಚ್ಚರಿಕೆ ಬಂತು. ಇಬ್ಬರೂ ಪೈಲಟ್‌ಗಳು ಕೈಪಿಡಿಯಲ್ಲಿ ಅದಕ್ಕೆ ಪರಿಹಾರ ಹುಡುಕುವುದರಲ್ಲಿ ಮುಳುಗಿದರು, ಹೆಲಿಕಾಪ್ಟರ್ ಮಾತ್ರ ಕೆಟ್ಟ ಹವೆಯತ್ತಲೇ ಸಾಗಿತು. ಆ ಕಾಡಿನಲ್ಲಿ ಬಿದ್ದು, ಒಳಗಿದ್ದ ಐವರೂ ಹೋದರು. ಪೈಲಟ್‌ಗಳಿಗೆ ಮೊದಲ ದಿನದಿಂದ ಕಲಿಸುವ ಪಾಠವಿದೆ: ಮೊದಲು ಹಾರಿಸು, ಆಮೇಲೆ ದಾರಿ ನೋಡು, ಮಾತು ಕೊನೆಗೆ. ಮಾತು ಸರಳ. ಆದರೆ ಕೆಂಪು ದೀಪ ಮಿನುಗುವಾಗ, ಹಿಂದಿನ ಸೀಟಿನಲ್ಲಿ ಮುಖ್ಯಮಂತ್ರಿ ಕೂತಿರುವಾಗ ಅದನ್ನು ನೆನಪಿಟ್ಟುಕೊಳ್ಳಲು ಎಂಥ ಗುಂಡಿಗೆ ಬೇಕು!

ಯಾರೂ ಬಾಯಿಬಿಟ್ಟು ಒತ್ತಾಯಿಸಬೇಕೆಂದೂ ಇಲ್ಲ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದಲ್ಲಿ ಹೆಲಿಕಾಪ್ಟರ್ ಬಿದ್ದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ಅವರ ಮಗಳು ಸೇರಿ ಒಂಬತ್ತು ಮಂದಿ ಸತ್ತರು. ‘ಮೋಡದ ಮೇಲಕ್ಕೆ, 4,000 ಅಡಿಗೆ ಏರುತ್ತಿದ್ದೇನೆ’ ಎಂದು ಪೈಲಟ್ ರೇಡಿಯೋದಲ್ಲಿ ಹೇಳಿದ್ದರು. ಆಗಲೇ ಹೆಲಿಕಾಪ್ಟರ್ ಎಡಕ್ಕೆ ವಾಲಿ ಗುಡ್ಡದ ಕಡೆಗೆ ಇಳಿಯತೊಡಗಿತ್ತು. ಪೈಲಟ್ ಮೇಲೆ ಬೇರೆ ಯಾರೂ ಒತ್ತಡ ಹಾಕಿದ್ದು ತನಿಖೆಯಲ್ಲಿ ಕಂಡುಬರಲಿಲ್ಲ. ದೊಡ್ಡವರನ್ನು ನಿರಾಸೆಪಡಿಸಬಾರದೆಂಬ ಒತ್ತಡವನ್ನು ಅವರು ತಾವೇ ಮೈಮೇಲೆ ಎಳೆದುಕೊಂಡಿದ್ದರು.

ಮೋಡದೊಳಗೆ ಏನಾಗುತ್ತದೆ? ಗಿರಗಿರ ತಿರುಗಿ ತಟ್ಟನೆ ನಿಂತ ಮಗುವನ್ನು ನೋಡಿ. ಕಾಲು ನಿಂತಿದೆ, ನೆಲ ತಿರುಗುತ್ತಿದೆ. ಒಳಕಿವಿ ಸುಳ್ಳು ಹೇಳುತ್ತಿದೆ. ಕಣ್ಣಿಗೆ ದಿಗಂತ ಕಾಣದಿದ್ದರೆ ಪೈಲಟ್‌ಗೂ ಅದೇ ಗತಿ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಮಂದಿಯನ್ನು ಮೋಡದಂಥ ಸ್ಥಿತಿಗೆ ದೂಡಿ ಪರೀಕ್ಷಿಸಿದರು. ಇಪ್ಪತ್ತು ಮಂದಿಯೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದದ್ದು ಸರಾಸರಿ 178 ಸೆಕೆಂಡು. ಒಂದು ಚಹಾ ಕುಡಿಯುವಷ್ಟು ಹೊತ್ತೂ ಅಲ್ಲ.

ಟೇಕಾಫ್ ವೇಳೆ ಅಷ್ಟೂ ಸಿಗುವುದಿಲ್ಲ. ನಟಿ ಸೌಂದರ್ಯ ಮತ್ತು ಅವರ ಅಣ್ಣ ಇದ್ದ ಸೆಸ್ನಾ 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆಂದು ಹಾರಿ, ಕೆಲವೇ ಕ್ಷಣಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ಉರಿದದ್ದು ನಮ್ಮೆಲ್ಲರ ಎದೆಯಲ್ಲಿದೆ. ಈಗ ಪೈಲಟ್ ತರಬೇತಿಯಲ್ಲಿರುವ ಹುಡುಗ ಹುಡುಗಿಯರೇ, ನಿಮಗೊಂದು ಮಾತು. ಏರುವಾಗ ಎಂಜಿನ್ ನಿಂತರೆ ಮನಸ್ಸು ಹಿಂದಿನ ರನ್‌ವೇಗೆ ಎಳೆಯುತ್ತದೆ. ತಗ್ಗಿನಲ್ಲಿದ್ದಾಗ ತಿರುಗಬೇಡಿ. ತಿರುಗಬೇಕೆಂದರೆ ವಾಲಬೇಕು. ಮಟ್ಟದ ಹಾರಾಟದಲ್ಲಿ 60 ಡಿಗ್ರಿ ವಾಲಿದರೆ ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ವೇಗ ಶೇ 41ರಷ್ಟು ಮೇಲೇರುತ್ತದೆ. ಎಂಜಿನ್ ಸತ್ತ ವಿಮಾನಕ್ಕೆ ಅಷ್ಟು ವೇಗ ಎಲ್ಲಿಂದ ಬರಬೇಕು? ಮೂಗು ಕೆಳಗೆ ಮಾಡಿ, ಎದುರಿಗಿರುವ ರಾಗಿ ಹೊಲದಲ್ಲಿ ಇಳಿಸಿ. ವಿಮಾನ ನುಚ್ಚುನೂರಾದರೂ ಚಿಂತೆಯಿಲ್ಲ, ಅದು ಮಾಲೀಕರದು. ಜೀವ ನಿಮ್ಮದು.

ಮಾಲೀಕರಿಗೆ ಈ ಮಾತು ಕಹಿಯಾಗಬಹುದು. ಆಗಲಿ. ಹಾರದೆ ಕೂತ ದಿನಕ್ಕೂ ಪೈಲಟ್‌ಗೆ ಪೂರ್ತಿ ದುಡ್ಡು ಕೊಡಿ. ‘ಆಗಲ್ಲ’ ಎಂದವರನ್ನು ಬದಲಿಸಿ ‘ನೋಡೋಣ’ ಎನ್ನುವವರನ್ನು ಕರೆಸುವ ಚಾಳಿ ಬಿಡಿ. ಕೇದಾರದ ಕಣಿವೆಯಲ್ಲಿ ಹೆಲಿಕಾಪ್ಟರ್ ಬಿದ್ದು 2022ರ ಅಕ್ಟೋಬರ್ 18ರಂದು ಏಳು ಮಂದಿ, 2025ರ ಜೂನ್ 15ರಂದು ಮತ್ತೆ ಏಳು ಮಂದಿ ಹೋದರು. ‘ಇಷ್ಟು ದೂರ ಬಂದಿದ್ದೇವೆ, ದುಡ್ಡು ಕಟ್ಟಿದ್ದೇವೆ’ ಎಂದು ಕೌಂಟರ್ ಮುಂದೆ ಕೂಗಾಡುವ ಯಾತ್ರಿಕರೇ, ಮಂಜು ಕವಿದ ಬೆಳಗ್ಗೆ ನಿಮ್ಮ ಟಿಕೆಟ್ ರದ್ದು ಮಾಡುವವರು ನಿಮ್ಮ ಶತ್ರುಗಳಲ್ಲ.

ನಾಯಕರೇ, ಸಭೆ ತಡವಾದದ್ದು ನಿಮ್ಮ ಭಾಷಣದಿಂದ. ಹೊತ್ತು ಮುಳುಗುತ್ತಿರುವಾಗ ‘ಇನ್ನೊಂದೇ ಊರು, ಹೊಡೀರಿ’ ಎಂದು ಪೈಲಟ್ ಬೆನ್ನು ತಟ್ಟಬೇಡಿ. ದೀಪವಿಲ್ಲದ ಮೈದಾನದಲ್ಲಿ ಇಳಿಸುವವರು ನೀವಲ್ಲ. ಹಾರುವುದೋ ಬಿಡುವುದೋ ಎಂಬ ಕೊನೆಯ ಮಾತನ್ನು ಕಾನೂನು ಪೈಲಟ್‌ಗೆ ಕೊಟ್ಟಿದೆ. ಹತ್ತುವ ಮುಂಚೆ ನೀವೇ ಒಂದು ಸಲ ಅವರ ಮುಖ ನೋಡಿ, ‘ನೀವು ಬೇಡ ಅಂದರೆ ಬೇಡ, ಕಾರು ರೆಡಿ ಇದೆ’ ಎಂದು ಬಾಯಿಬಿಟ್ಟು ಹೇಳಿ. ಕಾರನ್ನು ನಿಜವಾಗಿಯೂ ರೆಡಿ ಇಡಿಸಿ.

ಇನ್ನು ನಾವು, ಮೈದಾನದಲ್ಲಿ ನಿಂತವರು. ಹೆಲಿಪ್ಯಾಡಿನ ಹತ್ತಿರ ಪ್ಲಾಸ್ಟಿಕ್ ಎಸೆದವರು ನಾವೇ, ಆಕಾಶ ನೋಡುತ್ತಾ ಗೊಣಗಿದವರೂ ನಾವೇ. ಮುಂದಿನ ಚುನಾವಣೆಯಲ್ಲಿ ಯಾರೋ ಒಬ್ಬರು ಮೈಕಿಗೆ ಬಂದು, ‘ಹವಾಮಾನ ಸರಿಯಿಲ್ಲವಂತೆ, ಪೈಲಟ್ ಬೇಡ ಅಂದಿದ್ದಾರೆ, ಸಾಹೇಬರು ಬರೋದಿಲ್ಲ’ ಎಂದು ಹೇಳಬಹುದು. ಆಗ ಜೋರಾಗಿ ಚಪ್ಪಾಳೆ ತಟ್ಟಿ, ಬಿಸಿ ಮಿರ್ಚಿ ಭಜಿ ತಿಂದು, ಕೂತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಮಡಚಿಕೊಂಡು ಮನೆಗೆ ಹೋಗೋಣ.