ಸೆಟಪ್ ಫೋಟೋನೂ ತೋರಿಸಿ

ಧೂಳೆಬ್ಬಿಸುತ್ತಾ ಗುಡ್ಡ ಹತ್ತುವ ಜೀಪಿನ ಫೋಟೋ ನೋಡಿರ್ತೀರಿ. ಆಮೇಲೆ ಗೊತ್ತಾಗುತ್ತೆ, ಜೀಪು ಅಂಗೈಯಗಲದ ಆಟಿಕೆ, ಗುಡ್ಡ ಅಂದ್ರೆ ತಟ್ಟೆಗೆ ಸುರಿದ ಮಣ್ಣು. ಮೊದಲೆಲ್ಲ "ಅಬ್ಬಾ, ಹೇಗೆ ಮಾಡಿದ್ರು?" ಅಂತಿದ್ವಿ. ಈಗ "ಎಐ ಇರ್ಬೇಕು ಬಿಡು" ಅಂತ ಮುಂದಕ್ಕೆ ಸ್ಕ್ರಾಲ್ ಮಾಡ್ತೀವಿ. ನನ್ನ ತಕರಾರು ಈ "ಬಿಡು" ಅನ್ನೋದರ ಬಗ್ಗೆ.

ನಾಲ್ಕು ಪದ ಟೈಪ್ ಮಾಡಿದ್ರೆ ಚಿತ್ರ ಬರುವಾಗ ಮಣ್ಣು ಜರಡಿ ಹಿಡಿಯೋದು ಯಾಕೆ? ಯಾಕಂದ್ರೆ ಈ ಕೆಲಸದಲ್ಲಿ ಅರ್ಧ ಫೋಟೋಗ್ರಫಿ, ಇನ್ನರ್ಧ ನಮ್ಮ ಸಿಲಬಸ್.

ಲೆಕ್ಕ ಹಾಕಿ ನೋಡಿ. ಅಂಗಡಿಯಲ್ಲಿ ಸಿಗುವ ಸಣ್ಣ ಲೋಹದ ಕಾರುಗಳ ಸ್ಕೇಲ್ ಸುಮಾರು 1:64. ರಸ್ತೆ ಬದಿ ನಿಂತವನ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ, ಇಲ್ಲಿ ಲೆನ್ಸ್ ಇರಬೇಕಾದ್ದು 2.5 ಸೆಂ.ಮೀ. ಎತ್ತರದಲ್ಲಿ. ಅದಕ್ಕೇ ಫೋನನ್ನು ತಲೆಕೆಳಗೆ ಹಿಡಿಯೋದು. 1 ಮಿ.ಮೀ. ಮರಳಿನ ಕಾಳು ಈ ಲೋಕದಲ್ಲಿ 6.4 ಸೆಂ.ಮೀ. ಜಲ್ಲಿಕಲ್ಲು! ಹಾಗಾಗಿ ರಸ್ತೆಯ ಧೂಳಿಗೆ ಟೀ ಸೋಸುವ ಜಾಲರಿಯಲ್ಲಿ ಸೋಸಿದ ಮಣ್ಣೇ ಬೇಕು.

ಬೆಳಕಿನ ಕಥೆ ಇನ್ನೂ ಚೆನ್ನಾಗಿದೆ. 7 ಸೆಂ.ಮೀ. ಕಾರಿನ ಮೂತಿಯಿಂದ 15 ಸೆಂ.ಮೀ. ದೂರದಲ್ಲಿ ಟಾರ್ಚ್ ಹಿಡಿದರೆ ಹಿಂಭಾಗಕ್ಕೆ ಬೀಳೋದು ಅರ್ಧಕ್ಕಿಂತ ಕಡಿಮೆ ಬೆಳಕು. ನಿಜವಾದ ಸೂರ್ಯ ಯಾವತ್ತೂ ಹಾಗೆ ಮಾಡಲ್ಲ. ಅದೇ ಟಾರ್ಚನ್ನು ಒಂದೂವರೆ ಮೀಟರ್ ದೂರ ಇಟ್ಟರೆ ವ್ಯತ್ಯಾಸ ಶೇ. 10ಕ್ಕಿಂತ ಕಡಿಮೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ವಿಲೋಮ ವರ್ಗ ನಿಯಮ ಇದೇ.

ವಿಡಿಯೋ ಮಾಡ್ತೀರಾ? ಆಟಿಕೆ ಲೋಕದಲ್ಲಿ ಮಣ್ಣು ತುಂಬಾ ಬೇಗ ಕೆಳಗೆ ಬಿದ್ದಂತೆ ಕಾಣುತ್ತೆ. ಎಷ್ಟು ಬೇಗ? 64ರ ವರ್ಗಮೂಲ, ಅಂದ್ರೆ 8 ಪಟ್ಟು. 240 ಎಫ್‌ಪಿಎಸ್‌ನಲ್ಲಿ ತೆಗೆದು 30ರಲ್ಲಿ ಓಡಿಸಿದರೆ ಲೆಕ್ಕ ಸರಿಹೋಯ್ತು. ಸಿವಿಲ್, ಮೆಕ್ಯಾನಿಕಲ್‌ನವರು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದುವ ಫ್ರೌಡ್ ಸಂಖ್ಯೆ ಹೇಳೋದೂ ಇದನ್ನೇ.

ದೃಶ್ಯ ಕಟ್ಟೋದು ನಮಗೆ ಹೊಸದೂ ಅಲ್ಲ. ಮೈಸೂರು ಕಡೆ ದಸರಾಗೆ ಗೊಂಬೆ ಕೂರಿಸುವ ಮನೆಗಳಲ್ಲಿ ರಾಗಿ ಮೊಳಕೆಯೇ ಹುಲ್ಲುಗಾವಲು ಆಗುತ್ತೆ. ಪಕ್ಕದಲ್ಲಿ ಹಳ್ಳಿ, ಪಾರ್ಕು, ಮೃಗಾಲಯ ಎಲ್ಲಾ ಎದ್ದು ನಿಲ್ಲುತ್ತೆ. ನಾವು ಸೇರಿಸಬೇಕಾದ್ದು ತಗ್ಗಿನಲ್ಲಿಟ್ಟ ಕ್ಯಾಮೆರಾ, ಯೋಚಿಸಿ ಇಟ್ಟ ಒಂದು ದೀಪ.

ಈಗ ಅಸಲು ವಿಷಯ. ಫೆಸ್ಟ್‌ಗಳ ಫೋಟೋ ಸ್ಪರ್ಧೆಯಲ್ಲಿ ಇಂಥ ಫೋಟೋ ಮತ್ತು ಎಐ ಚಿತ್ರ ಒಂದೇ ಸಾಲಲ್ಲಿ ನಿಂತರೆ, ವಾರಗಟ್ಟಲೆ ಮಣ್ಣು ಸೋಸಿದವರಿಗೆ ಅನ್ಯಾಯ. ಎಐ ಬೇಡ ಅಂತಲ್ಲ, ಅದಕ್ಕೆ ಬೇರೆ ವಿಭಾಗ ಇರಲಿ. ಮಿನಿಯೇಚರ್ ಫೋಟೋ ಕಳಿಸುವವರು ಜೊತೆಗೆ ಸೆಟಪ್ ಫೋಟೋನೂ ಕಳಿಸಬೇಕು ಅನ್ನೋ ನಿಯಮ ಬರಲಿ.

"ಗುಟ್ಟು ಹೇಳಿದ್ರೆ ಮಜಾ ಹೋಗುತ್ತೆ" ಅಂತ ಕೆಲವರು ಅಂತಾರೆ. ಅಮೆರಿಕದ ಮೈಕಲ್ ಪಾಲ್ ಸ್ಮಿತ್ ಅವರ ಕೆಲಸ ನೋಡಿ. ಟೇಬಲ್ ಮೇಲೆ 1:24 ಸ್ಕೇಲಿನ ಹಳೇ ಕಾರುಗಳು, ಹಿಂದೆ ದೂರದಲ್ಲಿ ನಿಜವಾದ ಮರ, ಮನೆ, ಮೇಲೆ ನಿಜವಾದ ಬಿಸಿಲು. ಇಷ್ಟರಲ್ಲೇ 'ಎಲ್ಗಿನ್ ಪಾರ್ಕ್' ಅನ್ನೋ ಇಲ್ಲದ ಊರನ್ನು ಕಟ್ಟಿದರು. ಟೇಬಲ್ ಕಾಣುವ ಫೋಟೋಗಳನ್ನೂ ಅವರೇ ಹಂಚಿಕೊಂಡರು. ಅದನ್ನು ನೋಡಿದ ಮೇಲೆ ಮೊದಲ ಫೋಟೋ ಮೇಲಿನ ಗೌರವ ಹೆಚ್ಚಾಗುತ್ತೆಯೇ ಹೊರತು ಕಡಿಮೆ ಆಗಲ್ಲ.

ಸೆಟಪ್ ಫೋಟೋನೂ ಎಐಯಲ್ಲಿ ಮಾಡಬಹುದಲ್ಲ ಅಂತೀರಾ? ಮಾಡಬಹುದು. ಅದಕ್ಕೆ ತೀರ್ಪುಗಾರರು ಎರಡು ನಿಮಿಷ ಎದುರು ಕೂರಿಸಿ ಒಂದೇ ಪ್ರಶ್ನೆ ಕೇಳಲಿ: "ದೀಪ ಎಲ್ಲಿಟ್ಟಿದ್ರಿ, ಯಾಕೆ ಅಲ್ಲೇ?" ಕೈಯಾರೆ ಮಾಡಿದವರನ್ನು ಎರಡು ನಿಮಿಷಕ್ಕೆ ನಿಲ್ಲಿಸೋದೇ ಕಷ್ಟ ಆಗುತ್ತೆ.